ಕುರಿಯ ಹಿಂದೆ ಹೋಗದ ಗುಳಿಗೆ

ಹಗರಿಬೊಮ್ಮನಹಳ್ಳಿಯಲ್ಲಿ ಇತ್ತೀಚೆಗೆ ಒಂದು ಸಭೆ ನಡೆಯಿತು. ಸರಕಾರಿ ಆಸ್ಪತ್ರೆಗಳ ಕೆಲಸದಲ್ಲಿ ಏನೇನು ಬದಲಾಗಬೇಕು ಎಂದು ಜನರನ್ನು ಕೇಳುವ ಸಭೆ. ನಿವೃತ್ತರಾದ ನಮ್ಮಂಥವರನ್ನೂ ಕರೆದಿದ್ದರು. ಮೈಕು ಕೈಗೆ ಬಂದಾಗ, "ಬದಲಾವಣೆಗೆ ನನ್ನ ಬೆಂಬಲ ಇದೆ. ಕಾರಣ, ಕುರಿ" ಎಂದೆ. ಜನ ನಕ್ಕರು. ನಾನೂ ನಕ್ಕು ಕೂತುಬಿಟ್ಟೆ. ಹೇಳಬೇಕಾಗಿದ್ದದ್ದು ಹಾಗೇ ಉಳಿಯಿತು.

ಊಟದ ಹೊತ್ತಿಗೆ ಪ್ರೇಮಾ ಎಂಬ ಹುಡುಗಿ ತಟ್ಟೆ ಹಿಡಿದುಕೊಂಡು ಪಕ್ಕಕ್ಕೆ ಬಂದಳು. ಹೊಸದಾಗಿ ಉಪಕೇಂದ್ರಕ್ಕೆ ಸೇರಿದವಳು. "ಅಕ್ಕಾರ, ಕುರಿ ಅಂದ್ರಲ್ಲ, ಯಾರಿಗ್ರೀ? ನಮಗ ಬೈದ್ರೋ ಹೆಂಗ?" ಎಂದು ಕೇಳಿದಳು. ಅವಳಿಗೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಕೆಲಸದಿಂದ ಬಿಡುಗಡೆಯಾದ ಮೇಲೆ ನೆನಪಿಗೆ ಇಲ್ಲದ ಶಿಸ್ತು ಬರುತ್ತದೆ. ಚೆಲ್ಲಾಪಿಲ್ಲಿಯಾಗಿ ನಡೆದದ್ದನ್ನು ಸಾಲಾಗಿ ನಿಲ್ಲಿಸುತ್ತದೆ, ಸಾಲಿನ ಮುಂದೆ ನಮ್ಮನ್ನೇ ನಿಲ್ಲಿಸುತ್ತದೆ. ಆದ್ದರಿಂದ ಮುಂದಿನ ಪುಟಗಳಲ್ಲಿ ನಾನು ಜಾಣೆಯಾಗಿ ಕಂಡ ಕಡೆಯಲ್ಲೆಲ್ಲ ಪ್ರೇಮಾ ಸ್ವಲ್ಪ ಅನುಮಾನ ಇಟ್ಟುಕೊಳ್ಳಲಿ. ಹಡಗಲಿ ತಾಲ್ಲೂಕಿನ ಮಾಗಳದ ಕಡೆ ಆರೋಗ್ಯ ಸಹಾಯಕರಾಗಿದ್ದ ನಜೀರ್‌ಸಾಬರು ಈ ಕಥೆಯಲ್ಲಿ ಬರುತ್ತಾರೆ. ಬರೆದದ್ದನ್ನು ಅವರಿಗೆ ಫೋನಿನಲ್ಲಿ ಓದಿ ಹೇಳಿದೆ. ಅರ್ಧದಷ್ಟನ್ನು ಅವರು ಒಪ್ಪಿಲ್ಲ. "ನಿಮ್ಮ ಕಥಿಯಾಗ ಪ್ರತಿಸಲ ನಾನಽ ದಡ್ಡ ಆಗ್ತೀನಲ್ರೀ ನರ್ಸಮ್ಮ" ಎನ್ನುವುದು ಅವರ ತಕರಾರು.

ನನ್ನದು ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿಯ ಉಪಕೇಂದ್ರ. ಹೋದ ಹೊಸದರಲ್ಲಿ ಎಲ್ಲರೂ ಕೇಳುತ್ತಿದ್ದ ಪ್ರಶ್ನೆ, "ನೀವು ಯಾವ ಪೈಕಿ ಅಕ್ಕಾರ?" ನಾನು "ನರ್ಸ್ ಪೈಕಿ" ಎನ್ನುತ್ತಿದ್ದೆ. ನಗುತ್ತಿದ್ದರು. ಸಂಜೆಯೊಳಗೆ ಬೇರೆ ಯಾರನ್ನೋ ಕೇಳಿ ತಿಳಿದುಕೊಳ್ಳುತ್ತಿದ್ದರು. ಕೊಟ್ಟೂರಿನ ನಮ್ಮ ಮನೆಯ ಗೋಡೆಗೆ ಅಪ್ಪ ಬುದ್ಧನ ಪಟ ಹಾಕಿದ್ದ. ಅಷ್ಟು ಗೊತ್ತಾದರೆ ನಮ್ಮ ಕಡೆ ಉಳಿದದ್ದನ್ನು ಹೇಳಬೇಕಾಗಿಲ್ಲ. ಚುಚ್ಚುಮದ್ದಿಗೆ, ಗುಳಿಗೆಗೆ, ಹೆರಿಗೆಗೆ ನನ್ನ ಕೈ ಆಗುತ್ತಿತ್ತು. ಬಾಗಿಲ ಪಕ್ಕದ ಮಣ್ಣಿನ ಹರವಿಯಲ್ಲಿ ನಾನು ತುಂಬಿಡುತ್ತಿದ್ದ ನೀರು ಮಾತ್ರ ಹೆಚ್ಚು ಖರ್ಚಾಗುತ್ತಿರಲಿಲ್ಲ.

ಹಿರೇ ಮೈಲಾರಪ್ಪನನ್ನು ಅವನ ಹೆಂಡತಿ ಮಾಳವ್ವ ಎಳೆದುಕೊಂಡೇ ಬಂದಳು. ಕುರಿ ಕಾಯುವ ಕುಟುಂಬ. ಕೆಮ್ಮಿ ಕೆಮ್ಮಿ ಅವನ ಎದೆಗೂಡು ಒಳಗೆ ಹೋಗಿತ್ತು.

"ಏನಾಗೈತಿ ಮೈಲಾರಣ್ಣ?" ಎಂದೆ.

"ಏನೂ ಆಗಿಲ್ರಿ. ಈಕಿಗೆ ನಿದ್ದಿ ಬರಂಗಿಲ್ಲ, ಅದಕ್ಕ ಕರಕೊಂಡು ಬಂದಾಳ."

"ನೀ ಕೆಮ್ಮಿದ್ರ ಕುರಿನೂ ಮಲಗಂಗಿಲ್ಲ, ನಾ ಎಲ್ಲಿ ಮಲಗ್ಲಿ?" ಎಂದಳು ಮಾಳವ್ವ.

ಕಫವನ್ನು ಕೂಡ್ಲಿಗಿಗೆ ಕಳಿಸಿದೆ. ಕ್ಷಯ ಎಂದು ಬಂತು. ಮಾಳವ್ವನ ಕಫವನ್ನೂ ಪರೀಕ್ಷೆ ಮಾಡಿಸಿದೆ. ಅವಳಿಗೆ ಕಾಯಿಲೆ ಇರಲಿಲ್ಲ. ಇದನ್ನು ಪ್ರೇಮಾ ನೆನಪಿಟ್ಟುಕೊಳ್ಳಬೇಕು, ಕೊನೆಗೆ ಬೇಕಾಗುತ್ತದೆ.

ಆಗಿನ ಪದ್ಧತಿ ಈಗಿನ ಹಾಗಲ್ಲ. ಒಬ್ಬ ರೋಗಿಗೆ ಒಂದು ಡಬ್ಬಿ. ಪೂರ್ತಿ ಚಿಕಿತ್ಸೆಯ ಗುಳಿಗೆ ಅದರಲ್ಲೇ, ಮೇಲೆ ರೋಗಿಯ ಹೆಸರು. ಡಬ್ಬಿ ನಮ್ಮ ಕಪಾಟಿನಲ್ಲೇ ಇರಬೇಕು. ಮೊದಲ ತಿಂಗಳುಗಳಲ್ಲಿ ದಿನ ಬಿಟ್ಟು ದಿನ ರೋಗಿ ಬರಬೇಕು, ನಮ್ಮ ಕಣ್ಣೆದುರೇ ನುಂಗಬೇಕು. ಕೈಗೆ ಕೊಟ್ಟು ಕಳಿಸುವ ಹಾಗಿಲ್ಲ. ಈ ನಿಯಮವನ್ನು ಯಾರೋ ಬುದ್ಧಿಗೇಡಿಗಳು ಮಾಡಿದ್ದಲ್ಲ. ಕೈಗೆ ಕೊಟ್ಟ ಕಾಲದಲ್ಲಿ ಕೆಮ್ಮು ನಿಂತ ಕೂಡಲೇ ಜನ ಗುಳಿಗೆ ನಿಲ್ಲಿಸುತ್ತಿದ್ದರು. ನಡುವೆ ಬಿಟ್ಟರೆ ಕಾಯಿಲೆ ಇನ್ನೂ ಗಟ್ಟಿಯಾಗಿ ಮರಳಿ ಬರುತ್ತದೆ, ಮೊದಲಿನ ಗುಳಿಗೆಗೆ ಬಗ್ಗುವುದಿಲ್ಲ. ಮೈಲಾರಪ್ಪ ಬದುಕಬೇಕಾದರೆ ಡಬ್ಬಿ ಖಾಲಿಯಾಗಬೇಕಿತ್ತು. ಇಷ್ಟೇ ನನ್ನ ಕೆಲಸ, ಇಷ್ಟೇ ಈ ಕಥೆ.

ಅವನು ಬರುತ್ತಿದ್ದ, ತಪ್ಪದೆ ಬರುತ್ತಿದ್ದ. ಗುಳಿಗೆಯನ್ನು ನನ್ನ ಕೈಯಿಂದಲೇ ತೆಗೆದುಕೊಳ್ಳುತ್ತಿದ್ದ. ನಾನು ಹರವಿಯಿಂದ ಲೋಟ ತುಂಬುವಷ್ಟರಲ್ಲಿ ಹೊಸ್ತಿಲು ದಾಟಿ ಅಂಗಳಕ್ಕೆ ಹೋಗಿರುತ್ತಿದ್ದ. ಅಲ್ಲಿ ಗೋಣಿತಾಟು ಸುತ್ತಿದ ಅವನ ನೀರಿನ ಕ್ಯಾನು. ಅದನ್ನು ಎತ್ತಿ, ತುಟಿಗೆ ತಾಗಿಸದೆ ಗುಟುಕು ಹಾಕುತ್ತಿದ್ದ. ಕಣ್ಣೆದುರೇ ನುಂಗಬೇಕು ಎಂಬ ನಿಯಮಕ್ಕಾಗಿ ನಾನು ಲೋಟ ಹಿಡಿದು ಅವನ ಹಿಂದೆ ಅಂಗಳಕ್ಕೆ ಹೋಗುತ್ತಿದ್ದೆ. "ಬಾಯಿ ತಗೀರಿ" ಎನ್ನುತ್ತಿದ್ದೆ. ತೆಗೆಯುತ್ತಿದ್ದ. ನಾಲಗೆಯ ಮೇಲೆ ಏನೂ ಇರುತ್ತಿರಲಿಲ್ಲ. ಲೋಟದ ನೀರನ್ನು ತುಳಸಿಗೆ ಹಾಕಿ ಒಳಗೆ ಬರುತ್ತಿದ್ದೆ. ತುಳಸಿಯೋ ದಾಸವಾಳವೋ, ಈಗ ಖಾತ್ರಿ ಇಲ್ಲ. ಗಿಡ ಮಾತ್ರ ಚೆನ್ನಾಗಿ ಬೆಳೆಯಿತು.

ಸುಗ್ಗಿ ಮುಗಿಯಿತು. ನಮ್ಮ ಕಡೆಯ ಕುರಿಮಂದೆಗಳು ಆಗ ಹೊಳೆಯ ಕಡೆ ಇಳಿಯುತ್ತವೆ. ತುಂಗಭದ್ರೆಯ ದಂಡೆಯ ಗದ್ದೆಗಳಲ್ಲಿ ಮೇವು ಸಿಗುತ್ತದೆ. ಗೊಬ್ಬರಕ್ಕೆಂದು ರೈತರು ತಮ್ಮ ಹೊಲದಲ್ಲಿ ಮಂದೆ ನಿಲ್ಲಿಸಿಕೊಂಡು ಕಾಳು ಕೊಡುತ್ತಾರೆ. ಮಾಳವ್ವ ಒಬ್ಬಳೇ ಬಂದಳು.

"ಡಬ್ಬಿ ಕೊಡ್ರಿ ನರ್ಸಮ್ಮ. ನಾಳಿ ಹೊಂಟೇವಿ."

"ಕೊಡಾಕ ಬರಂಗಿಲ್ಲ ಮಾಳವ್ವ. ಮೈಲಾರಣ್ಣ ಇಲ್ಲೇ ಇರ್ಲಿ. ಕುರಿ ಹಿಂದ ನೀವು ಹೋಗ್ರಿ."

"ಆತ ಇಲ್ಲಿ ಏನು ತಿಂತಾನ? ಕುರಿ ನಿಂತ್ರ ನಾವು ನಿಂತಂಗ, ನಡದ್ರ ನಡದಂಗ. ನೀವಽ ಬರ್ರಿ ನಮ್ಮ ಕೂಡ, ನಿಮಗೂ ಒಂದು ಕಂಬಳಿ ಕೊಡ್ತೀನಿ."

ನಾನು ಕೂಡ್ಲಿಗಿಗೆ ಹೋಗಿ ನಮ್ಮ ಮೇಲ್ವಿಚಾರಕ ಸಾಹೇಬರನ್ನು ಕಂಡೆ. ಡಬ್ಬಿಯನ್ನು ಮಾಗಳಕ್ಕೆ ವರ್ಗ ಮಾಡಿ, ಅಲ್ಲಿ ನಜೀರ್‌ಸಾಬರು ನುಂಗಿಸುತ್ತಾರೆ ಎಂದೆ. ವರ್ಗ ಮಾಡಲು ವಿಳಾಸ ಬೇಕು ಎಂದರು. ಇವತ್ತು ಒಂದು ಹೊಲ, ನಾಳೆ ಒಂದು ಹೊಲ, ಎಂಥ ವಿಳಾಸ? ಆಗ ನನಗೆ ಹೊಳೆದದ್ದು ಕುರಿಯ ಗುರುತು. ಪ್ರತಿ ಮನೆತನಕ್ಕೂ ತನ್ನದೇ ಗುರುತಿರುತ್ತದೆ. ಇವರದು ಎಡಗಿವಿಯಲ್ಲಿ ಸೀಳು, ಬೆನ್ನ ಮೇಲೆ ಕೆಮ್ಮಣ್ಣಿನ ಪಟ್ಟೆ. (ಬಲಗಿವಿ ಎನ್ನುತ್ತಾರೆ ನಜೀರ್‌ಸಾಬರು.) ಅದನ್ನೇ ಬರೆದುಕೊಟ್ಟೆ.

ಸಾಹೇಬರು ಓದಿ ಕನ್ನಡಕ ತೆಗೆದರು. "ಏನಮ್ಮ ಇದು? ಟಿಬಿ ಯಾರಿಗೆ ಬಂದೈತಿ, ಕುರಿಗೋ ಮನುಷ್ಯಾಗೋ?"

ಆದರೂ ಸಹಿ ಹಾಕಿದರು. ಕಾಗದ ಹಡಗಲಿಗೆ ಹೋಗಿ, ಅಲ್ಲಿಂದ ಮಾಗಳಕ್ಕೆ ಇಳಿಯುವಷ್ಟರಲ್ಲಿ ಕುರಿಗಳು ಎಷ್ಟೋ ಹೊಲ ದಾಟಿದ್ದವು.

ಎಡವಟ್ಟಾದದ್ದು ಅಲ್ಲಿ. ನಜೀರ್‌ಸಾಬರು ಸೈಕಲ್ ಮೇಲೆ ಹೊಲ ಹೊಲ ಸುತ್ತಿ ಆ ಗುರುತಿನ ಮಂದೆಯನ್ನು ಕಂಡುಹಿಡಿದರು. "ಮೈಲಾರಪ್ಪ ಯಾರಪ್ಪ?" ಎಂದರು. ಬೀಡಿ ಸೇದುತ್ತಾ ಕೆಮ್ಮುತ್ತಿದ್ದ ತೆಳ್ಳಗಿನ ಮನುಷ್ಯನೊಬ್ಬ "ನಾನಽ ರೀ" ಎಂದ. ಗುಳಿಗೆ ಕೊಟ್ಟರು, ಆತ ನುಂಗಿದ. ಮತ್ತೆ ಹೋದರು, ಮತ್ತೆ ನುಂಗಿದ.

ಅವನು ಸಣ್ಣ ಮೈಲಾರಪ್ಪ, ತಮ್ಮ. ಈ ಮನೆತನಗಳಲ್ಲಿ ಅಣ್ಣ ತಮ್ಮಂದಿರಿಗೆ ದೇವರ ಹೆಸರು ಒಂದೇ ಇಟ್ಟು ಹಿರೇ, ಸಣ್ಣ ಎಂದು ಕರೆಯುತ್ತಾರೆ. ಪಾಲಾದಾಗ ಮಂದೆ ಎರಡಾಗುತ್ತದೆ, ಗುರುತು ಒಂದೇ ಉಳಿಯುತ್ತದೆ. ಇದು ನನಗೆ ಗೊತ್ತಿರಲಿಲ್ಲ, ನಜೀರ್‌ಸಾಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರನ್ನು ನಾವು ಕೇಳಿರಲಿಲ್ಲ.

ಆ ಗುಳಿಗೆಯಿಂದ ಮೂತ್ರ ಕೆಂಪಗೆ ಹೋಗುತ್ತದೆ. ರೋಗಿಗೆ ನಾವು ಮೊದಲೇ ಹೇಳಿರುತ್ತೇವೆ. ಸಣ್ಣ ಮೈಲಾರಪ್ಪನಿಗೆ ಯಾರು ಹೇಳಬೇಕು? ರಕ್ತ ಹೋಗುತ್ತಿದೆ, ದೇವರು ಮುನಿದಿದ್ದಾನೆ ಎಂದು ಗಾಬರಿ ಬಿದ್ದು, ಮಂದೆಯನ್ನು ಹೆಂಡತಿಗೆ ಒಪ್ಪಿಸಿ, ಹರಕೆ ತೀರಿಸಲು ಮೈಲಾರಕ್ಕೆ ಓಡಿದ. ನಜೀರ್‌ಸಾಬರು ನಮ್ಮೂರಿನ ಅಂಗಡಿಯ ಫೋನಿಗೆ ಕರೆ ಮಾಡಿದರು. "ಅರೇ ನರ್ಸಮ್ಮ, ನಿಮ್ಮ ಪೇಶೆಂಟ್ ಓಡಿಹೋಗ್ಯಾನ್ರೀ! ಗುಳಿಗಿಗೆ ಹೆದರಿ ದೇವರ ಕಡೆ ಹೋಗ್ಯಾನ!"

ಓಡಿದವನು ತಮ್ಮನೆಂದು ನಮಗೆ ತಿಳಿದದ್ದು ಮಂದೆಗಳು ಊರಿಗೆ ಮರಳಿದ ಮೇಲೆ. ಆಗ ನಾನು ಸಣ್ಣವನನ್ನೇ ಕೇಳಿದೆ: "ಅಲ್ಲಪ್ಪ, ನಿನಗ ಜಡ್ಡಿಲ್ಲ, ಜಾಪತ್ರಿ ಇಲ್ಲ. ಯಾಕ ನುಂಗಿದಿ?"

"ಸರಕಾರದೋರು ಸೈಕಲ್ ಮ್ಯಾಲೆ ಹುಡಿಕ್ಕೊಂಡು ಬಂದು ಕೊಟ್ರು. ಒಲ್ಲೆ ಅಂದ್ರ ರೇಶನ್ ನಿಂದ್ರಸ್ತಾರೇನೋ ಅಂತ ನುಂಗಿದೆ."

ಇದನ್ನು ನಾನು ತರಬೇತಿಗಳಲ್ಲಿ ಹೇಳಿ ಎಷ್ಟೋ ಸಲ ನಗಿಸಿದ್ದೇನೆ. ನಗಿಸುವಾಗ ಒಂದು ಭಾಗವನ್ನು ಬಿಟ್ಟುಬಿಡುತ್ತಿದ್ದೆ. ಸಣ್ಣವನು ನುಂಗುತ್ತಿದ್ದ ಹೊತ್ತಿನಲ್ಲಿ ಹಿರೇ ಮೈಲಾರಪ್ಪ ಹೊಳಲು ಎಂಬ ಊರಿನ ಆಚೆ ಯಾವುದೋ ಹೊಲದಲ್ಲಿ, ಗುಳಿಗೆ ಇಲ್ಲದೆ, ಮತ್ತೆ ಕೆಮ್ಮಲು ಶುರು ಮಾಡಿದ್ದ. ಅವನ ಹೆಸರಿನ ಡಬ್ಬಿ ಅವನಿಂದ ಒಂದು ಹೊತ್ತಿನ ನಡಿಗೆಯಷ್ಟು ದೂರದಲ್ಲಿತ್ತು.

ಮಳೆ ಬಿದ್ದು ಮಂದೆಗಳು ಊರಿಗೆ ಮರಳಿದಾಗ ಅವನು ಕುದುರೆಯ ಮೇಲೆ ಬಂದ. ಮರಿಗಳನ್ನು, ಪಾತ್ರೆಗಳನ್ನು ಹೇರುವ ಕುದುರೆ ಅದು. ಕುರಿಗಾರ ಅದರ ಮೇಲೆ ಕೂರುವುದಿಲ್ಲ. ನಡೆಯಲಾರದವನನ್ನು ಮಾತ್ರ ಕೂರಿಸುತ್ತಾರೆ.

ಕಫ ಮತ್ತೆ ಪರೀಕ್ಷೆಯಾಯಿತು. ಕಾಯಿಲೆ ಮರಳಿತ್ತು. ಈ ಸಲ ಗುಳಿಗೆಯ ಜೊತೆ ಸೂಜಿ, ಮೊದಲಿಗಿಂತ ಉದ್ದದ ಚಿಕಿತ್ಸೆ. ಸೂಜಿಯ ತಿಂಗಳುಗಳು ಊರಲ್ಲೇ ಕಳೆದವು. ಅವನ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು, ಕೂತಲ್ಲಿಂದ ಏಳುವಾಗ ಗೋಡೆ ಹಿಡಿಯುತ್ತಿದ್ದ. ಆದರೂ ನುಂಗಲು ಅಂಗಳಕ್ಕೇ ಹೋಗುತ್ತಿದ್ದ, ತನ್ನ ಕ್ಯಾನಿನ ಹತ್ತಿರ. ನಾನೂ ಲೋಟ ಹಿಡಿದು ಹೋಗುತ್ತಿದ್ದೆ.

ಮತ್ತೆ ಸುಗ್ಗಿ ಬಂತು. ಆ ವರ್ಷ ಮಂದೆ ಹೊಳೆಯ ಕಡೆ ಹೋಗಲಿಲ್ಲ, ಹರಪನಹಳ್ಳಿಯ ಕಡೆ, ಬಾಗಳಿಯ ಸುತ್ತಿನ ಹೊಲಗಳಿಗೆ ಹೋಗುವುದೆಂದಾಯಿತು. ಹರಪನಹಳ್ಳಿ ಆಗ ದಾವಣಗೆರೆ ಜಿಲ್ಲೆ, ನಾವು ಬಳ್ಳಾರಿ ಜಿಲ್ಲೆ. ಈಗ ಎರಡೂ ವಿಜಯನಗರ. ಗಡಿ ಎಳೆದವರಿಗೆ ಅವರವರ ಕಾರಣಗಳಿದ್ದಾವು. ಕುರಿಗೆ ಗಡಿ ಕಾಣುವುದಿಲ್ಲ, ಡಬ್ಬಿಗೆ ಮಾತ್ರ ಕಾಣುತ್ತದೆ. ಬೇರೆ ಜಿಲ್ಲೆಗೆ ವರ್ಗ ಮಾಡಲು ಕಾಗದ ಎಷ್ಟು ಮೇಜು ಹತ್ತಿ ಇಳಿಯಬೇಕು ಎಂದು ಸಾಹೇಬರು ಹೇಳತೊಡಗಿದಾಗ ನಾನು ಕೇಳುವುದನ್ನು ನಿಲ್ಲಿಸಿದೆ.

ನಮ್ಮ ಕಡೆ ಊಟದ ಡಬ್ಬಿಯನ್ನು ಬಸ್ಸಿಗೆ ಹಾಕಿ ಕಳಿಸುವುದು ವಾಡಿಕೆ. ಕಾಲೇಜಿಗೆ ಹೋದ ಮಕ್ಕಳಿಗೆ, ಆಸ್ಪತ್ರೆಯಲ್ಲಿದ್ದವರಿಗೆ ರೊಟ್ಟಿ ಹೋಗುವುದು ಡ್ರೈವರನ ಸೀಟಿನ ಪಕ್ಕದಲ್ಲೇ. ನಾನು ನನ್ನ ಸ್ಟೀಲಿನ ಡಬ್ಬಿಯಲ್ಲಿ ಒಂದು ವಾರದ ಗುಳಿಗೆ ಇಟ್ಟು ಹರಪನಹಳ್ಳಿಯ ಬಸ್ಸಿಗೆ ಕೊಟ್ಟೆ. ಬಾಗಳಿಗೆ ತಿರುಗುವ ದಾರಿಯಲ್ಲಿ ಮಾಳವ್ವ ಕಾಯಬೇಕು. ನುಂಗಿಸುವುದು, ಬಾಯಿ ತೆಗೆಸಿ ನೋಡುವುದು ಇನ್ನು ಅವಳ ಕೆಲಸ. ಗುಳಿಗೆ ತೆಗೆದ ಮೇಲೆ ಉಳಿಯುವ ಖಾಲಿ ಹಾಳೆಗಳನ್ನು ಅದೇ ಡಬ್ಬಿಯಲ್ಲಿ ವಾಪಸು ಕಳಿಸಬೇಕು. ಅವಳಿಗೆ ಇದನ್ನೆಲ್ಲ ಹೇಳಿಕೊಟ್ಟಾಗ, "ಇಷ್ಟಽ? ಹೋದ ವರ್ಷನಽ ಕೊಟ್ಟಿದ್ರ ಆಗ್ತಿತ್ತಲ್ಲ" ಎಂದಳು. ಬೈಗುಳವಲ್ಲ, ಸುಮ್ಮನೆ ಹಾಗೆಂದಳು. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಡಬ್ಬಿ ವಾಪಸು ಬಂತು. ಒಳಗೆ ಖಾಲಿ ಹಾಳೆಗಳ ಜೊತೆ ಹುರಿದ ಶೇಂಗಾ. ಮುಂದಿನ ವಾರ ಬೆಲ್ಲದ ಚೂರು. ಒಮ್ಮೆ ಬಟ್ಟೆಯಲ್ಲಿ ಕಟ್ಟಿದ ಗಿಣ್ಣು. ಮನೆಯಿಂದ ಖಾಲಿ ಡಬ್ಬಿ ಕಳಿಸಬಾರದು, ಅಷ್ಟೇ. ನಾನು ಕೇಳಿರಲಿಲ್ಲ, ಅವಳೂ ಹೇಳಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ. ಚೆನ್ನಾಗಿರುವುದರಿಂದಲೇ ನಿಲ್ಲಿಸಬಾರದು. ಒಂದು ವಾರ ಮಾಳವ್ವ ಬರುವುದು ತಡವಾಗಿ ಡಬ್ಬಿ ಮುಂದಕ್ಕೆ ಹೋಯಿತು. ಹರಪನಹಳ್ಳಿಯಲ್ಲಿ ಬಸ್ಸು ಬದಲಾಯಿತು, ಡಬ್ಬಿ ದಾವಣಗೆರೆ ನೋಡಿಕೊಂಡು ಬಂತು. ಆ ವಾರ ಮೈಲಾರಪ್ಪನಿಗೆ ಗುಳಿಗೆ ತಪ್ಪಿತು. ನಾನು ಎರಡು ಊರಿನ ಬಸ್ ನಿಲ್ದಾಣದಲ್ಲಿ ಸ್ಟೀಲಿನ ಡಬ್ಬಿ ಹುಡುಕುತ್ತಾ ಅಲೆದೆ. ಕಂಟ್ರೋಲರು "ಏನಿತ್ರೀ ಅದರಾಗ, ಬಂಗಾರ?" ಎಂದ. "ಚಟ್ನಿಪುಡಿ" ಎಂದೆ.

ಸುದ್ದಿ ಸಾಹೇಬರಿಗೆ ಮುಟ್ಟಿತು. ಕರೆಸಿದರು. ಕೆಲಸ ಹೋಯಿತೆಂದೇ ಹೋದೆ.

"ಊಟದ ಡಬ್ಬಿಯಾಗ ಟಿಬಿ ಗುಳಿಗಿ ಕಳಸ್ತೀರಂತ, ಹೌದೋ?"

"ಹೌದ್ರಿ ಸರ್."

"ಖಾಲಿ ಹಾಳಿ ಬರ್ತಾವೋ?"

"ಬರ್ತಾವ್ರಿ."

ಬಹಳ ಹೊತ್ತು ಫ್ಯಾನು ನೋಡಿದರು. "ನನಗ ಈ ವಿಷಯ ಗೊತ್ತಿಲ್ಲ" ಎಂದರು. ನಾನು ಬಾಗಿಲು ದಾಟುವಾಗ, "ಮುಂದಿನ ವಾರನೂ ಗೊತ್ತಿರಂಗಿಲ್ಲ" ಎಂದರು.

ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಪ್ರೇಮಾ, ಯೋಚಿಸು. ಒಬ್ಬ ರೋಗಿ ಉಳಿಯಲು ಒಬ್ಬ ನರ್ಸು ನಿಯಮ ಮುರಿಯಬೇಕು, ಒಬ್ಬ ಅಧಿಕಾರಿ ಫ್ಯಾನು ನೋಡಬೇಕು, ಒಬ್ಬ ಡ್ರೈವರು ಡಬ್ಬಿ ಮರೆಯಬಾರದು. ಇಷ್ಟು ಜನ ಒಳ್ಳೆಯವರು ಒಂದೇ ದಾರಿಯಲ್ಲಿ ಸಿಗುವುದು ಎಷ್ಟು ಸಲ? ನನ್ನ ನಂತರ ಬರುವವಳಿಗೆ ಧೈರ್ಯ ಯಾಕಿರಬೇಕು? ಸಂಬಳ, ಕಪಾಟು, ಬುದ್ಧಿ ಇದ್ದರೆ ಸಾಲದೆ?

ಸಭೆಯಲ್ಲಿ ಹೇಳದ ಇನ್ನೊಂದು ಕಾರಣವೂ ಇದೆ. ನನ್ನ ತಮ್ಮ ಕುಂಟುತ್ತಾನೆ. ನಾವು ಚಿಕ್ಕವರಿದ್ದಾಗ ಅಪ್ಪ ಅವ್ವ ಕಬ್ಬು ಕಡಿಯಲು ಊರೂರಿಗೆ ಹೋಗುತ್ತಿದ್ದರು. ಪೋಲಿಯೋ ಹನಿ ಹಾಕುವವರು ಬಂದಾಗ ನಾವು ಊರಲ್ಲಿರಲಿಲ್ಲ. ನಾವಿದ್ದ ಊರಿಗೆ ಅವರು ಬಂದಾಗ, ಈ ಮಕ್ಕಳು ನಮ್ಮ ಊರಿನವಲ್ಲ ಎಂದು ಯಾರೋ ಹೇಳಿದರಂತೆ. ಅವ್ವ ಹಾಗೆ ಹೇಳುತ್ತಿದ್ದಳು. ನಿಜವೋ, ದುಃಖಕ್ಕೆ ಒಂದು ಕಾರಣ ಬೇಕೆಂದು ಆಕೆ ಹೊಂದಿಸಿಕೊಂಡದ್ದೋ, ನನಗೆ ಗೊತ್ತಿಲ್ಲ. ತಮ್ಮನ ಕಾಲು ಮಾತ್ರ ನಿಜ.

ಈಗ ಎಲ್ಲ ಫೋನಿನಲ್ಲಿದೆ, ರೋಗಿಗೆ ಒಂದು ನಂಬರು, ಎಲ್ಲಿ ಬೇಕಾದರೂ ಔಷಧಿ ಎನ್ನುತ್ತಾರೆ. ಒಳ್ಳೆಯದೇ, ಅದಕ್ಕೇ ನನ್ನ ಬೆಂಬಲ. ಆದರೆ ಮೊನ್ನೆ ನನ್ನ ಬಿಪಿ ಗುಳಿಗೆಗೆಂದು ಸಾಲಿನಲ್ಲಿ ನಿಂತಿದ್ದಾಗ, ಮುಂದಿದ್ದ ಕೂಲಿ ಹೆಂಗಸಿನ ಫೋನು ಗಂಡನ ಹತ್ತಿರ ಇತ್ತು, ಗಂಡ ಬೇರೆ ಊರಲ್ಲಿದ್ದ, ಓಟಿಪಿ ಅಲ್ಲಿಗೆ ಹೋಯಿತು. "ನಾಳೆ ಬಾರಮ್ಮ" ಎಂದರು. ಕಪಾಟಿನ ಬೀಗ ಫೋನಿನೊಳಕ್ಕೆ ಹೋಗಿದೆ, ಅಷ್ಟೇ. ಬದಲಾವಣೆ ಎಂದರೆ ಗುಳಿಗೆ ಮನುಷ್ಯರ ಹಿಂದೆ ನಡೆಯಬೇಕು. ಮನುಷ್ಯರನ್ನು ಗುಳಿಗೆಯ ಹಿಂದೆ ನಡೆಸುವುದು ನಾವು ಮಾಡಿ ಮುಗಿದಿದೆ.

ಇನ್ನು ಹರವಿಯ ವಿಷಯ.

ಚಿಕಿತ್ಸೆ ಮುಗಿಯಿತು. ಕೊನೆಯ ಕಫ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂತು. ಗಂಡ ಹೆಂಡತಿ ಇಬ್ಬರೂ ಬಾಗಳಿಯ ಕಡೆಯಿಂದ ಬಸ್ಸು ಹಿಡಿದು ಬಂದಿದ್ದರು. ರಣಬಿಸಿಲು. ನಾನು ಫಲಿತಾಂಶ ಹೇಳಿದೆ. ಹಿರೇ ಮೈಲಾರಪ್ಪ ಎದ್ದು ಹರವಿಯ ಹತ್ತಿರ ಹೋದ. ತಾನೇ ಲೋಟ ಅದ್ದಿದ. ತುಟಿ ತಾಗಿಸಿ ಗಟಗಟ ಕುಡಿದ. ಮೀಸೆ ಒರೆಸಿಕೊಂಡು, "ಇಷ್ಟು ದಿನ ನನ್ನ ಬಾಯಿ ಹೊಲಸಿತ್ರಿ. ನಿಮ್ಮ ಲೋಟಕ್ಕ ಯಾಕ ಹಚ್ಚಬೇಕು ಅಂತ ಹೊರಗ ಹೋಗ್ತಿದ್ದೆ" ಎಂದ.

ನಾನು ಆ ಮಾತನ್ನು ವರ್ಷಗಟ್ಟಲೆ ಇಟ್ಟುಕೊಂಡೆ. ನಾನು ಅವನನ್ನು ತಪ್ಪು ತಿಳಿದಿದ್ದೆ, ಅವನು ನನಗೆ ಜಡ್ಡು ತಗಲದಿರಲಿ ಎಂದು ಅಂಗಳಕ್ಕೆ ಹೋಗುತ್ತಿದ್ದ ಎಂದು ತರಬೇತಿಗಳಲ್ಲಿ ಹೇಳುತ್ತಿದ್ದೆ. ಕೇಳಿದವರ ಕಣ್ಣು ತುಂಬುತ್ತಿತ್ತು. ನಜೀರ್‌ಸಾಬರು ಮಾತ್ರ ಒಮ್ಮೆ ಫೋನಿನಲ್ಲಿ, "ಮತ್ತ ಮಾಳವ್ವ?" ಎಂದರು. ನಾನು ಆ ಭಾಗ ಬಿಟ್ಟಿದ್ದೆ. ಈಗ ಬರೆಯುತ್ತೇನೆ.

ಮಾಳವ್ವ ಹೊಸ್ತಿಲ ಹೊರಗೆ ನಿಂತಿದ್ದಳು. ಬೆವರು ಇಳಿಯುತ್ತಿತ್ತು. ಕೈಯಲ್ಲಿ ನನ್ನ ಸ್ಟೀಲಿನ ಡಬ್ಬಿ, ತುಂಬಿದ್ದು. ಅದನ್ನು ಹೊಸ್ತಿಲ ಒಳಗೆ ಇಟ್ಟಳು. ನಾನು ಲೋಟವನ್ನು ತೊಳೆದು, ತುಂಬಿ, ಅವಳ ಕಡೆ ಚಾಚಿದೆ.

"ಕುಡಿ ಮಾಳವ್ವ. ಬಿಸಿಲಾಗ ಬಂದೀದಿ."

"ನನಗ ಬಾಯಾರಿಕಿ ಇಲ್ಲ ಬಿಡ್ರಿ ನರ್ಸಮ್ಮ."

ಮೈಲಾರಪ್ಪ ಬೇರೆ ಕಡೆ ನೋಡಿದ. ಮಾಳವ್ವನಿಗೆ ಕಾಯಿಲೆ ಇರಲಿಲ್ಲ. ಗಂಡನನ್ನು ಉಳಿಸಿದವಳು ಅವಳೇ. ವಾರ ವಾರ ನನ್ನ ಡಬ್ಬಿ ತುಂಬಿ ಕಳಿಸಿದವಳೂ ಅವಳೇ. ಇಬ್ಬರೂ ಹೊರಟರು. ಅವರು ಬೇಲಿ ದಾಟುವವರೆಗೆ ನಾನು ಲೋಟ ಹಿಡಿದೇ ನಿಂತಿದ್ದೆ. ಗಿಡಕ್ಕೆ ಹಾಕಲು ಹೋದವಳು, ಹಾಕಲಿಲ್ಲ. ನಾನೇ ಕುಡಿದೆ. ಬೆಳಗಿನಿಂದ ನನಗೂ ಬಾಯಾರಿತ್ತು.